ಸತ್ತವರ ದನಿ ಇದೆ, ಅಳಿಸಬೇಡಿ ಸ್ವಾಮಿ!

ದಾವಣಗೆರೆ: ನಮ್ಮೂರಿನಲ್ಲಿ ಯಾರಾದರೂ ತೀರಿಕೊಂಡರೆ ಮನೆಯ ಹುಡುಗರು ಮೂರು ದಿಕ್ಕಿಗೆ ಓಡುತ್ತಾರೆ. ಒಬ್ಬ ಹೂವಿನ ಅಂಗಡಿಗೆ, ಒಬ್ಬ ವಿಮಾನ ಕಟ್ಟುವವರ ಮನೆಗೆ, ಮತ್ತೊಬ್ಬ ಫ್ಲೆಕ್ಸ್ ಅಂಗಡಿಗೆ. ಮಧ್ಯಾಹ್ನ ಮಣ್ಣಾಗುವಷ್ಟರಲ್ಲಿ ಓಣಿಯ ಬಾಯಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ ಎದ್ದು ನಿಂತಿರುತ್ತದೆ. ನಡುವೆ ಸತ್ತವರ ಮುಖ, ಸುತ್ತ ದುಃಖತಪ್ತರ ಮುಖ. ಕೆಲವು ಫ್ಲೆಕ್ಸುಗಳಲ್ಲಿ ದುಃಖತಪ್ತರ ಮುಖವೇ ದೊಡ್ಡದು! ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ ಎಂಬುದು ಬೇರೆ ಮಾತು. ಸಾವಿನ ಮನೆ ಮುಂದೆ ನಿಂತು ಕಾನೂನು ಮಾತಾಡಲು ಪಾಲಿಕೆಯವರಿಗೂ ನಾಲಗೆ ಏಳುವುದಿಲ್ಲ.

ಈಗ ಅದಕ್ಕೂ ಮುಂದಿನ ಮೆಟ್ಟಿಲು ಬಂದಿದೆ. ಫೋಟೋ ಕಣ್ಣು ಮಿಟುಕಿಸುತ್ತದೆ, ತಲೆ ಆಡಿಸುತ್ತದೆ, ಕೈ ಎತ್ತಿ ಆಶೀರ್ವಾದ ಮಾಡುತ್ತದೆ. ಒಂದು ಫೋಟೋ, ಒಂದು ನಿಮಿಷದ ದನಿ ಕೊಟ್ಟರೆ ಸಾಕು, ಸತ್ತವರು ಎಂದೂ ಆಡದ ಮಾತನ್ನು ಅವರದೇ ದನಿಯಲ್ಲಿ ಕಂಪ್ಯೂಟರ್ ಆಡಿಸುತ್ತದೆ. ಶಿವಗಣಾರಾಧನೆ ದಿವಸವೋ ವೈಕುಂಠ ಸಮಾರಾಧನೆ ದಿವಸವೋ ಪೆಂಡಾಲಿನಲ್ಲಿ ಟಿವಿ ಇಟ್ಟು ಇದನ್ನು ತೋರಿಸಬಹುದು. ಪಾಯಸ ಬಡಿಸುವ ಹೊತ್ತಿಗೆ ಸರಿಯಾಗಿ ಅಜ್ಜ ಪರದೆ ಮೇಲೆ ಬಂದು ‘ಎಲ್ಲರೂ ಊಟ ಮಾಡಿ ಹೋಗಿ’ ಎಂದರೆ ನೆಂಟರ ಕೈ ಎಲೆ ಮೇಲೆ ನಿಂತುಬಿಡುವುದು ಖಂಡಿತ.

ಇದು ಸರಿಯೋ ತಪ್ಪೋ? ಬಸ್ಸಿನಲ್ಲಿ ಕೂತವರು ಮಾತಾಡುತ್ತಾರೆ, ಚಹಾದಂಗಡಿಯಲ್ಲೂ ಮಾತಾಡುತ್ತಾರೆ. ಪಿಯುಸಿ ಅರ್ಧಕ್ಕೇ ಬಿಟ್ಟ ಈ ಬರಹಗಾರನಿಗೆ ಆ ಯಂತ್ರದೊಳಗಿನ ಲೆಕ್ಕ ತಿಳಿಯದು. ಅದರಿಂದ ಅಳುವವರಿಗೆ ಏನು ಸಿಕ್ಕೀತು, ಏನು ಹೋದೀತು ಎಂಬ ಲೆಕ್ಕ ಮಾತ್ರ ಹಾಕಿ ನೋಡಬಹುದು.

ಕಣ್ಣು ಬರೆದ ಕಾಲ

ಮೊದಲೇ ಹೇಳಿಬಿಡುತ್ತೇನೆ, ದುಃಖಕ್ಕೆ ಯಂತ್ರದ ಸಹಾಯ ಪಡೆಯುವುದು ಹೊಸದೇನಲ್ಲ. ನಮ್ಮ ಕಡೆ ಎಷ್ಟೋ ಹಳೇ ಮನೆಗಳ ಪಡಸಾಲೆಯಲ್ಲಿ ಒಂದು ಕಪ್ಪುಬಿಳುಪು ಫೋಟೋ ಇರುತ್ತದೆ. ಕೂರಿಸಿದ ಹೆಣ, ಹಣೆ ತುಂಬ ವಿಭೂತಿ, ಕೊರಳ ತುಂಬ ಹಾರ, ಅಕ್ಕಪಕ್ಕ ಮಕ್ಕಳು ಮೊಮ್ಮಕ್ಕಳು. ಸ್ಟುಡಿಯೋದವನು ಮುಕ್ಕಾಲಿ ಹೊತ್ತು ಸಾವಿನ ಮನೆಗೇ ಬರುತ್ತಿದ್ದ. ಬದುಕಿದ್ದಾಗ ಒಂದೂ ಫೋಟೋ ತೆಗೆಸಿಕೊಳ್ಳದವರು ಸತ್ತ ದಿನ ಕ್ಯಾಮೆರಾ ಮುಂದೆ ಕೂತರು. ಮುಚ್ಚಿದ ಕಣ್ಣಿನ ಮೇಲೆ ಕುಂಚದಿಂದ ತೆರೆದ ಕಣ್ಣು ಬರೆದುಕೊಡುವ ಕಸುಬುದಾರರೂ ಇದ್ದರು. ಮನೆಯವರು ಕೇಳುತ್ತಿದ್ದರು, ಅವರು ಬರೆದುಕೊಡುತ್ತಿದ್ದರು.

ಆಮೇಲೆ ಜೋಡಿ ಫೋಟೋ ಬಂತು. ಗಂಡನದು ರೇಷನ್ ಕಾರ್ಡಿಗೆ ತೆಗೆಸಿದ್ದು, ಹೆಂಡತಿಯದು ಯಾರದೋ ಮದುವೆಯ ಗುಂಪಿನಲ್ಲಿ ನಿಂತಿದ್ದು. ನಲವತ್ತು ವರ್ಷ ಒಂದೇ ಸೂರಿನಡಿ ಬಾಳಿದವರು ಒಟ್ಟಿಗೆ ನಿಂತ ಚಿತ್ರ ಒಂದೂ ಇರುತ್ತಿರಲಿಲ್ಲ. ಸ್ಟುಡಿಯೋದವರು ಎರಡನ್ನೂ ಕತ್ತರಿಸಿ ಜೋಡಿಸಿ, ಹೆಗಲಿಗೆ ಹೆಗಲು ಕೂಡಿಸಿ, ಗಂಡನಿಗೆ ಒಂದು ಕೋಟನ್ನೂ ತೊಡಿಸಿ ಕೊಡುತ್ತಿದ್ದರು. ಹೊಲದಲ್ಲಿ ದುಡಿದು ಸತ್ತ ಗೌಡರು ಗೋಡೆ ಮೇಲೆ ವಕೀಲರಂತೆ ಕೂತಿರುವುದು ಹೀಗೆ. ಅದಕ್ಕೊಂದು ಗಂಧದ ಹಾರ, ಕೆಳಗೊಂದು ಕೆಂಪು ಜೀರೋ ಬಲ್ಬು. ಯಾರೂ ಅದನ್ನು ಮೋಸ ಎನ್ನಲಿಲ್ಲ. (ಫೋಟೋ ತೂಗುಹಾಕದ ಮನೆಗಳೂ ನಮ್ಮೂರಲ್ಲಿ ಬೇಕಾದಷ್ಟಿವೆ. ಅಲ್ಲಿ ಸತ್ತವರ ಟೋಪಿ, ಕನ್ನಡಕ, ತಸ್ಬಿ ಮಣಿ ಉಳಿಯುತ್ತವೆ.)

ಈಗಿನ ಸ್ಟುಡಿಯೋದವರ ಕಷ್ಟ ಬೇರೆ. ಜೇಬಿನಲ್ಲಿರುವ ಫೋನಿನಲ್ಲಿ ಸಾವಿರ ಫೋಟೋ ಇದ್ದರೂ ಅಜ್ಜಿ ಸತ್ತಾಗ ಮನೆಯವರು ತರುವುದು ಆಧಾರ್ ಕಾರ್ಡು. ಅದರಲ್ಲಿ ಯಾರ ಮುಖ ತಾನೇ ಅವರದೇ ಮುಖದಂತಿದೆ ಹೇಳಿ?

ದನಿಯ ಮಾತಿಗೆ ಬಂದರೆ, ಅದೂ ಹಳೆಯದೇ. ಅಮೆರಿಕದ ಥಾಮಸ್ ಎಡಿಸನ್ ದನಿ ಹಿಡಿಯುವ ಯಂತ್ರ ಕಂಡುಹಿಡಿದದ್ದು 1877ರಲ್ಲಿ. ಅದು ಯಾವುದಕ್ಕೆಲ್ಲ ಉಪಯೋಗವಾದೀತು ಎಂದು ಮರುವರ್ಷವೇ, 1878ರಲ್ಲಿ, ಒಂದು ಪತ್ರಿಕೆಯಲ್ಲಿ ಬರೆದ. ಪತ್ರ ಬರೆಸುವುದು, ಕುರುಡರಿಗೆ ಪುಸ್ತಕ ಓದಿ ಹೇಳುವುದು, ಸಂಗೀತ ಹೀಗೆ ಪಟ್ಟಿ ಹೋಗುತ್ತದೆ. ಮನೆಮಂದಿಯ ದನಿ, ಸಾಯುವವರ ಕೊನೆ ಮಾತು ಇವನ್ನು ಹಿಡಿದಿಡುವುದೂ ಆ ಪಟ್ಟಿಯಲ್ಲಿತ್ತು. ಅಂದರೆ ಯಂತ್ರ ಹುಟ್ಟಿದ ವರ್ಷದೊಳಗೇ ಮನುಷ್ಯನಿಗೆ ಸಾವಿನ ನೆನಪಾಗಿತ್ತು.

‘ಇವನ್ಯಾರು?’

ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬ ತಾಯಿಯ ಕಥೆ ಕೇಳಿ. ಹೆಸರು ಬೇಡ. ಒಬ್ಬನೇ ಮಗ, ಲಾರಿ ಓಡಿಸುತ್ತಿದ್ದ. ಒಂದು ರಾತ್ರಿ ಅವನು ಬರಲಿಲ್ಲ, ಸುದ್ದಿ ಬಂತು. ಆಕೆಗೆ ಓದು ಬರಹ ಬರುವುದಿಲ್ಲ, ಹಾಗಾಗಿ ಮಗ ದಿನಾ ವಾಟ್ಸಾಪಿನಲ್ಲಿ ದನಿ ಕಳಿಸುತ್ತಿದ್ದ. ದೊಡ್ಡ ಮಾತೇನಲ್ಲ. ‘ಅವ್ವಾ, ಹರಿಹರ ದಾಟೀನಿ, ರೊಟ್ಟಿ ಇಡು.’ ‘ಅವ್ವಾ, ಲೋಡು ಆಗಿಲ್ಲ, ನಾಳೆ ಬರ್ತೀನಿ.’ ಅವನು ಹೋದ ಮೇಲೆ ಆಕೆ ರಾತ್ರಿ ಮಲಗುವ ಮುಂಚೆ ಅದರಲ್ಲಿ ಒಂದನ್ನು ಒತ್ತಿ ಕೇಳಿ ಮಲಗುತ್ತಿದ್ದರು. ಹೆಚ್ಚಾಗಿ ಹರಿಹರ ದಾಟಿದ್ದನ್ನೇ.

ಫೋನು ಬಿಸಿಯಾಗುತ್ತದೆ, ನಿಂತು ನಿಂತು ಹೋಗುತ್ತದೆ ಅಂತ ಒಂದು ಮೊಬೈಲ್ ಅಂಗಡಿಗೆ ಕೊಟ್ಟರು. ಹುಡುಗ ಫಾರ್ಮ್ಯಾಟ್ ಮಾಡಿ, ಗಾಜು ಒರೆಸಿ, ಹೊಸದರಂತೆ ಮಾಡಿ ಕೈಗಿಟ್ಟ. ದುಡ್ಡೂ ಜಾಸ್ತಿ ಕೇಳಲಿಲ್ಲ. ಅವನು ಕೇಳಲಿಲ್ಲ, ಈಕೆಗೆ ಹೇಳಬೇಕೆಂದು ಗೊತ್ತಾಗಲಿಲ್ಲ. ಮನೆಗೆ ಬಂದು ಒತ್ತಿದರೆ ಏನೂ ಇಲ್ಲ.

ಓಣಿಯ ಹುಡುಗರು ಸುಮ್ಮನೆ ಕೂರುವವರಲ್ಲ. ತಂಗಿ ಮದುವೆಯ ವೀಡಿಯೋದಲ್ಲಿ ಅವನು ಅಡುಗೆಯವರ ಜೊತೆ ಕೂಗಾಡಿದ ಒಂದಿಷ್ಟು ದನಿ ಸಿಕ್ಕಿತು. ಅದನ್ನು ಹಾಕಿ, ಯಾವುದೋ ಆಪ್ ಹಿಡಿದು, ಮಾತಾಡಿಸಿದರು. ಒಳ್ಳೆ ಮನಸ್ಸಿನಿಂದಲೇ ಮಾಡಿದ್ದು. ಫೋಟೋ ಬಾಯಿ ತೆರೆದು ಹೇಳಿತಂತೆ: ‘ಅಮ್ಮಾ, ನಾನು ಸುಖವಾಗಿದ್ದೇನೆ. ನೀವು ದುಃಖಿಸಬೇಡಿ.’

ಆ ತಾಯಿ ಸ್ವಲ್ಪ ಹೊತ್ತು ನೋಡಿ ಕೇಳಿದ್ದು ಒಂದೇ ಮಾತು. ‘ಇವನ್ಯಾರು? ನನ್ನ ಮಗ ನನ್ನ ಯಾವತ್ತೂ ಅಮ್ಮಾ ಅಂದವನಲ್ಲ.’

ಹುಡುಗರು ‘ಅವ್ವಾ’ ಎಂದು ತಿದ್ದಿ ಮತ್ತೆ ತಂದರು. ಆಕೆ ನೋಡಲಿಲ್ಲ.

ಮೂರು ಪದ

ಈಗ ನಿಮ್ಮನ್ನು ಲಂಡನ್ನಿಗೆ ಕರೆದುಕೊಂಡು ಹೋಗಬೇಕು. ಬಸ್ ಕಾಯುತ್ತ ನಿಂತು ಇದನ್ನು ಓದುತ್ತಿರುವವರು ವಿಶೇಷವಾಗಿ ಗಮನ ಕೊಡಿ, ಏಕೆಂದರೆ ಇದೂ ಒಂದು ನಿಲ್ದಾಣದ ಕಥೆ.

ಲಂಡನ್ನಿನಲ್ಲಿ ನೆಲದಡಿ ರೈಲು ಓಡುತ್ತದೆ. ಕೆಲವು ಪ್ಲಾಟ್‌ಫಾರಂಗಳು ಬಾಗಿವೆ, ಹಾಗಾಗಿ ಡಬ್ಬಿಗೂ ಕಟ್ಟೆಗೂ ನಡುವೆ ಸಂದು ಬೀಳುತ್ತದೆ. ಕಾಲು ಸಿಕ್ಕಿಕೊಂಡೀತೆಂದು 1960ರ ದಶಕದ ಕೊನೆಯಲ್ಲಿ ಟೇಪಿನಲ್ಲಿ ಎಚ್ಚರಿಕೆ ಕೂಗಿಸಲು ಶುರುಮಾಡಿದರು. ‘ಮೈಂಡ್ ದಿ ಗ್ಯಾಪ್.’ ಸಂದು ನೋಡಿಕೊಳ್ಳಿ ಎಂದರ್ಥ. ನಾರ್ದರ್ನ್ ಲೈನ್ ಎಂಬ ಮಾರ್ಗದಲ್ಲಿ ಈ ಮೂರು ಪದಕ್ಕೆ ದನಿ ಕೊಟ್ಟವರು ಆಸ್ವಾಲ್ಡ್ ಲಾರೆನ್ಸ್ ಎಂಬ ನಟ. ದೊಡ್ಡ ಸ್ಟಾರ್ ಏನಲ್ಲ. ಆದರೆ ಆತನ ಈ ಮೂರು ಪದ ಕೇಳಿದಷ್ಟು ಜನ ದೊಡ್ಡ ದೊಡ್ಡ ನಟರ ಡೈಲಾಗನ್ನೂ ಕೇಳಿರಲಾರರು. ಕೇಳಿದವರಿಗೆ ಅವರ ಹೆಸರು ಗೊತ್ತಿರಲಿಲ್ಲ, ಅಷ್ಟೆ. ನಮ್ಮ ಬಸ್ ನಿಲ್ದಾಣದ ಮೈಕಿನಲ್ಲಿ ಕೂಗುವವರ ಹೆಸರು ನಮಗೆ ಗೊತ್ತೇ?

ಲಾರೆನ್ಸ್ 2007ರಲ್ಲಿ ತೀರಿಕೊಂಡರು. ಹೆಂಡತಿ ಡಾಕ್ಟರು. ಇಬ್ಬರೂ ಮೊದಲು ಭೇಟಿಯಾದದ್ದು 1992ರಲ್ಲಿ, ಮೊರಾಕೊ ಪ್ರವಾಸದಲ್ಲಿ. ಗಂಡ ಹೋದ ಮೇಲೆ ಆಕೆ ಎಂಬ್ಯಾಂಕ್‌ಮೆಂಟ್ ಎಂಬ ನಿಲ್ದಾಣದಲ್ಲಿ ರೈಲಿಗೆ ಕಾಯುವಾಗ ಗಂಡನ ದನಿ ಕೇಳುತ್ತಿತ್ತು. ಕೆಲವು ಸಲ ಬಂದ ರೈಲು ಬಿಟ್ಟು ಇನ್ನೊಂದಕ್ಕೆ ಕಾಯುತ್ತಿದ್ದರು. ರೈಲು ಹೋದರೆ ಇನ್ನೊಂದು ಬಂದೀತು, ಅದರ ಜೊತೆ ಆ ದನಿಯೂ ಇನ್ನೊಮ್ಮೆ.

ಕಾಲ ಬದಲಾಯಿತು. ಒಂದೊಂದೇ ನಿಲ್ದಾಣದಲ್ಲಿ ಹಳೇ ಟೇಪು ತೆಗೆದು ಹೊಸ ವ್ಯವಸ್ಥೆ ಹಾಕಿದರು. ಕೊನೆಗೆ ಲಾರೆನ್ಸ್ ದನಿ ಉಳಿದದ್ದು ಎಂಬ್ಯಾಂಕ್‌ಮೆಂಟಿನ ಒಂದೇ ಪ್ಲಾಟ್‌ಫಾರಂನಲ್ಲಿ. 2012ರ ನವೆಂಬರಿನಲ್ಲಿ ಅದೂ ಹೋಯಿತು. ಆಕೆ ಬಂದು ನಿಂತರೆ ಯಾವುದೋ ಬೇರೆ ದನಿ. ಐದು ವರ್ಷದ ಹಿಂದೆ ಸತ್ತಿದ್ದ ಗಂಡ ಇನ್ನೊಮ್ಮೆ ಸತ್ತಂತಾಯಿತು.

ಆಕೆ ರೈಲಿನವರನ್ನು ಕೇಳಿದರು. ಏನಾಯಿತು ಆ ದನಿ, ಅದರ ಒಂದು ಪ್ರತಿ ನನಗೆ ಸಿಗಬಹುದೇ? ನಮ್ಮಲ್ಲಾದರೆ ಏನಾಗುತ್ತಿತ್ತು, ಯಾವ ಮೇಜಿನಿಂದ ಯಾವ ಮೇಜಿಗೆ ಅರ್ಜಿ ಓಡಾಡುತ್ತಿತ್ತು ಎಂಬುದನ್ನು ಓದುಗರ ಊಹೆಗೆ ಬಿಡುತ್ತೇನೆ. ಅಲ್ಲಿಯ ಸಿಬ್ಬಂದಿ ಹಳೇ ದಾಸ್ತಾನು ಹುಡುಕಿ, ದನಿ ಪತ್ತೆ ಮಾಡಿ, ಪ್ರತಿ ಮಾಡಿ ಕೊಟ್ಟರು. ಅಷ್ಟಕ್ಕೇ ಬಿಡಲಿಲ್ಲ. ಹೊಸ ಯಂತ್ರದೊಳಕ್ಕೆ ಹಳೇ ದನಿಯನ್ನು ಕೂರಿಸಿ, 2013ರಲ್ಲಿ ಅದೇ ನಿಲ್ದಾಣದಲ್ಲಿ ಮತ್ತೆ ಕೂಗಿಸಿದರು. ಒಬ್ಬ ವಿಧವೆಗೋಸ್ಕರ.

ಈ ಕಥೆಯಲ್ಲಿ ನನಗೆ ಹಿಡಿಸಿದ್ದು ಪ್ರೇಮವಲ್ಲ. ಆ ಮೂರು ಪದದಲ್ಲಿ ಪ್ರೇಮವೇನೂ ಇಲ್ಲ. ಗಂಡ ಹೆಂಡತಿಗೆ ಹೇಳಿದ ಮಾತೂ ಅಲ್ಲ, ಅವರಿಬ್ಬರೂ ಭೇಟಿಯಾಗುವ ಎಷ್ಟೋ ವರ್ಷ ಮೊದಲೇ ಊರ ಜನರಿಗೆಲ್ಲ ಹೇಳಿ ಮುಗಿಸಿದ ಮಾತು. ಆದರೂ ಅದೇ ಸಾಕಾಯಿತು. ಯಾಕೆಂದರೆ ಅದು ಅವರೇ ಆಡಿದ್ದು. ಹರಿಹರ ದಾಟಿದ ಸುದ್ದಿಯಲ್ಲೂ ಮತ್ತೇನಿತ್ತು ಹೇಳಿ?

ತಂತಿ ಇಲ್ಲದ ಫೋನು

ಇದಕ್ಕೆ ಪೂರಾ ಉಲ್ಟಾ ಒಂದು ವ್ಯವಸ್ಥೆ ಜಪಾನಿನಲ್ಲಿದೆ. ಅಲ್ಲಿ ಸತ್ತವರ ದನಿಯೇ ಇಲ್ಲ, ಬದುಕಿದವರದು ಮಾತ್ರ. ಓಟ್ಸುಚಿ ಎಂಬ ಕಡಲ ದಂಡೆಯ ಊರಿನಲ್ಲಿ ಇಟಾರು ಸಸಾಕಿ ಎಂಬ ತೋಟಗಾರರು 2010ರಲ್ಲಿ ತಮ್ಮ ತೋಟದಲ್ಲಿ ಒಂದು ಬಿಳಿ ಟೆಲಿಫೋನ್ ಬೂತು ನಿಲ್ಲಿಸಿದರು. ಒಳಗೆ ಬೆರಳು ಹಾಕಿ ತಿರುಗಿಸುವ ಹಳೇ ಕರಿ ಫೋನು. ತಂತಿ ಎಲ್ಲಿಗೂ ಹೋಗುವುದಿಲ್ಲ. ಕ್ಯಾನ್ಸರಿನಿಂದ ಅವರ ದಾಯಾದಿ ತಮ್ಮ ತೀರಿಕೊಂಡಿದ್ದ. ಅವನ ಜೊತೆ ಮಾತಾಡಬೇಕೆನಿಸಿದಾಗ ಒಳಗೆ ಹೋಗಿ, ರಿಸೀವರ್ ಎತ್ತಿ, ಮಾತಾಡಿ ಬರುತ್ತಿದ್ದರು.

2011ರ ಮಾರ್ಚ್ 11ರಂದು ಸುನಾಮಿ ಬಂತು. ಆ ಒಂದು ಪುಟ್ಟ ಊರಲ್ಲೇ ಸತ್ತವರು, ಸಿಗದೇ ಹೋದವರು 1,200ಕ್ಕೂ ಹೆಚ್ಚು. ಎಷ್ಟೋ ಮನೆಗಳಿಗೆ ಹೆಣವೂ ಸಿಗಲಿಲ್ಲ, ಮಣ್ಣು ಮಾಡಿದ ಸಮಾಧಾನವೂ ಇಲ್ಲ. ಸಸಾಕಿ ತಮ್ಮ ಬೂತನ್ನು ಎಲ್ಲರಿಗೂ ತೆರೆದರು. ಜನ ಬಂದರು, ಇಂದಿಗೂ ಬರುತ್ತಾರೆ, ಮೂವತ್ತು ಸಾವಿರ ದಾಟಿದೆ ಎಂಬುದು ಹಳೇ ಲೆಕ್ಕ. ಕಡಲಲ್ಲಿ ಹೋದ ಮನೆಯವರ ಹಳೇ ನಂಬರು ತಿರುಗಿಸುತ್ತಾರೆ. ಮಾತಾಡುತ್ತಾರೆ, ಇಲ್ಲವೇ ಸುಮ್ಮನೆ ಹಿಡಿದು ನಿಲ್ಲುತ್ತಾರೆ. ಅದನ್ನು ಗಾಳಿ ಫೋನು ಅಂತ ಕರೆಯುತ್ತಾರೆ. ನೋಡಿಕೊಂಡು ಹೋದವರು ಬೇರೆ ಬೇರೆ ದೇಶಗಳಲ್ಲಿ ಅಂಥದ್ದೇ ನಿಲ್ಲಿಸಿದ್ದಾರೆ.

ಆ ಫೋನು ತಿರುಗಿ ಮಾತಾಡುವುದಿಲ್ಲ. ಮಾತಾಡಿದ್ದರೆ ಅಷ್ಟು ಜನ ಬರುತ್ತಿದ್ದರೋ ಇಲ್ಲವೋ, ನನಗಂತೂ ಅನುಮಾನ.

ನಮ್ಮಲ್ಲಿ ತೋಟವೂ ಬೇಡ, ಬೂತೂ ಬೇಡ, ಇದು ಆಗಲೇ ನಡೆಯುತ್ತಿದೆ. ಸತ್ತವರ ಮೊಬೈಲಿಗೆ ರಿಂಗ್ ಮಾಡಿ ‘ಸ್ವಿಚ್ ಆಫ್ ಆಗಿದೆ’ ಎಂಬುದನ್ನು ಕೇಳಿ ಇಡುವವರು ಎಷ್ಟು ಮನೆಯಲ್ಲಿಲ್ಲ? ಆದರೆ ಒಂದು ಎಚ್ಚರಿಕೆ. ನಿಂತುಹೋದ ನಂಬರನ್ನು ಕಂಪನಿಯವರು ಸುಮ್ಮನೆ ಇಟ್ಟುಕೊಂಡಿರುವುದಿಲ್ಲ. ಕನಿಷ್ಠ 90 ದಿನ ಬಿಟ್ಟು ಇನ್ನೊಬ್ಬರಿಗೆ ಕೊಡಬಹುದು. ಟೆಲಿಕಾಂ ನಿಯಂತ್ರಣ ಪ್ರಾಧಿಕಾರವೇ 2023ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿದ ಮಾತಿದು. ಒಂದು ದಿನ ಅಪ್ಪನ ನಂಬರಿಗೆ ಹಚ್ಚಿದರೆ ಅತ್ತ ಕಡೆಯಿಂದ ಯಾರೋ ‘ಯಾರ್ರೀ ಅದು?’ ಎನ್ನಬಹುದು. ನಂಬರು ಬೇಕೆನ್ನುವವರು ಮರಣ ಪ್ರಮಾಣಪತ್ರ ಹಿಡಿದು ಅದನ್ನು ಮನೆಯವರ ಹೆಸರಿಗೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಅಪ್ಪು ದನಿ

ಕಂಪ್ಯೂಟರ್ ದನಿಯನ್ನು ಪೂರಾ ತಳ್ಳಿಹಾಕುವಂತೆಯೂ ಇಲ್ಲ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೋದಾಗ ‘ಜೇಮ್ಸ್’ ಚಿತ್ರದಲ್ಲಿ ಅವರ ನಟನೆ ಬಹುಪಾಲು ಮುಗಿದಿತ್ತು, ಡಬ್ಬಿಂಗ್ ಆಗಿರಲಿಲ್ಲ. 2022ರ ಮಾರ್ಚ್ 17ರಂದು, ಅವರ ಹುಟ್ಟುಹಬ್ಬದ ದಿನ, ಚಿತ್ರ ಬಿಡುಗಡೆಯಾಯಿತು. ಪರದೆ ಮೇಲೆ ತಮ್ಮ, ದನಿ ಅಣ್ಣ ಶಿವರಾಜ್‌ಕುಮಾರ್ ಅವರದು. ಥಿಯೇಟರಿನಲ್ಲಿ ಅತ್ತವರು ಅತ್ತರು. ಮುಂದಿನ ತಿಂಗಳೇ ತಂತ್ರಜ್ಞಾನದ ಸಹಾಯದಿಂದ ಪುನೀತ್ ಅವರದೇ ದನಿ ಕೂಡಿಸಿದ ಪ್ರತಿಯೂ ಬಂತು. ಅದನ್ನು ನೋಡಲೆಂದೇ ಎರಡನೇ ಸಲ ಟಿಕೆಟ್ ತೆಗೆದವರೂ ಇದ್ದರು.

ಇದನ್ನು ಯಾರೂ ಮೋಸ ಎನ್ನಲಿಲ್ಲ, ನಾನೂ ಎನ್ನುವುದಿಲ್ಲ. ಆ ಡೈಲಾಗು ಅವರದೇ, ತುಟಿ ಆಡಿಸಿದ್ದೂ ಅವರೇ, ಮನೆಯವರೂ ಒಪ್ಪಿದವರೇ. ಆದರೂ ಕೇಳಿ ನೋಡಿ, ಊರಲ್ಲಿ ಬಹಳ ಜನರಿಗೆ ನೆನಪಿರುವುದು ಅಣ್ಣ ತಮ್ಮನಿಗೆ ದನಿ ಕೊಟ್ಟ ಸಂಗತಿ.

ಮನೆಯವರ ಒಪ್ಪಿಗೆ ಸಣ್ಣ ಮಾತಲ್ಲ. 2024ರ ಜನವರಿಯಲ್ಲಿ ಎ.ಆರ್. ರೆಹಮಾನ್ ತಮಿಳಿನ ‘ಲಾಲ್ ಸಲಾಂ’ ಚಿತ್ರದ ಒಂದು ಹಾಡಿಗೆ ತೀರಿಹೋದ ಇಬ್ಬರು ಗಾಯಕರ ದನಿಯನ್ನು ಕಂಪ್ಯೂಟರಿನಿಂದ ತರಿಸಿದರು. ಅವರ ಮನೆಯವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟೆ ಎಂದು ಅವರೇ ಹೇಳಿದರು. ಅದೇ ಹೊತ್ತಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ಒಂದು ತೆಲುಗು ಚಿತ್ರದವರು ಹೇಳದೆ ಕೇಳದೆ ಹೀಗೆ ಬಳಸಿದರೆಂದು ಅವರ ಮಗ ನೋಟೀಸು ಕೊಟ್ಟರು. ಅದೇ ತಿಂಗಳು ತಮಿಳುನಾಡಿನಲ್ಲಿ ಇನ್ನೊಂದು ವಿಚಿತ್ರ. 2018ರಲ್ಲಿ ತೀರಿಕೊಂಡಿದ್ದ ಕರುಣಾನಿಧಿ ಪರದೆ ಮೇಲೆ ಬಂದು ಪಕ್ಷದ ಮುಖಂಡರೊಬ್ಬರನ್ನು ಅಭಿನಂದಿಸಿ, ಮಗನ ಆಡಳಿತವನ್ನೂ ಮೆಚ್ಚಿದರು! ಸತ್ತವರ ಹೆಸರಲ್ಲಿ ಓಟು ಬೀಳುವುದನ್ನು ಕೇಳಿದ್ದೆವು. ಇನ್ನು ಅವರೇ ಬಂದು ಓಟು ಕೇಳುವ ದಿನ.

ಮನೆಯೊಳಗಿನ ದುಃಖಕ್ಕೆ ಇದನ್ನು ತಂದಾಗ ಏನಾಗುತ್ತದೆ? 2020ರಲ್ಲಿ ದಕ್ಷಿಣ ಕೊರಿಯಾದ ಒಂದು ಟಿವಿ ಚಾನೆಲ್ಲಿನವರು, ಏಳು ವರ್ಷದ ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳ ಕಣ್ಣಿಗೆ ಪೆಟ್ಟಿಗೆಯಂಥ ಕನ್ನಡಕ, ಕೈಗೆ ಗವಸು ತೊಡಿಸಿ ಕಂಪ್ಯೂಟರಿನಲ್ಲಿ ಕಟ್ಟಿದ ಮಗಳ ಎದುರು ನಿಲ್ಲಿಸಿದರು. ಮಗು ಓಡಿ ಬಂತು, ಮಾತಾಡಿತು. ತಾಯಿ ಗಾಳಿಯಲ್ಲಿ ಕೈಯಾಡಿಸಿ ಅತ್ತಳು. ಆ ತಾಯಿ ತನಗೆ ಅದರಿಂದ ಹಿತವಾಯಿತು ಎಂದೇ ಹೇಳಿದಳು, ಅದನ್ನು ಅಲ್ಲಗಳೆಯಲು ನಾವ್ಯಾರು? ಆದರೆ ಎದುರಿಗೆ ಕ್ಯಾಮೆರಾ ಇಟ್ಟು ನಾಡಿಗೆಲ್ಲ ತೋರಿಸಿದವರ ಬಗ್ಗೆ ಅದೇ ಮಾತು ಹೇಳಲು ನಾಲಗೆ ಬರುವುದಿಲ್ಲ.

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಇಬ್ಬರು 2024ರಲ್ಲಿ ಒಂದು ಎಚ್ಚರಿಕೆ ಕೊಟ್ಟರು. ಸತ್ತ ಅಜ್ಜಿಯಂತೆ ಮಾತಾಡುವ ಯಂತ್ರ ಮೊದಲು ಬಿಟ್ಟಿ ಸಿಗಬಹುದು. ಅಭ್ಯಾಸವಾದ ಮೇಲೆ ಅದೇ ಅಜ್ಜಿ ಅದೇ ದನಿಯಲ್ಲಿ ‘ಇಂಥ ಕಂಪನಿಯಿಂದ ಊಟ ತರಿಸಿಕೋ’ ಎನ್ನಬಹುದು. ಇದು ಅವರು ಉದಾಹರಣೆಗೆಂದು ಕಟ್ಟಿದ ಕಥೆ, ನಡೆದದ್ದಲ್ಲ. ಆದರೆ ವ್ಯಾಪಾರ ಗೊತ್ತಿರುವ ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಟ್ಟಿ ಕೊಟ್ಟವನು ಒಂದು ದಿನ ಬಿಲ್ಲು ತರುತ್ತಾನೆ. ಅಜ್ಜಿಯನ್ನು ಆಫ್ ಮಾಡುವವರು ಯಾರು, ಯಾವ ಕೈಯಿಂದ?

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದಕ್ಕಿಂತ ಮೇಲು. ಕೊಪ್ಪಳದ ಉದ್ಯಮಿಯೊಬ್ಬರು 2020ರ ಆಗಸ್ಟಿನಲ್ಲಿ ಹೊಸ ಮನೆಯ ಗೃಹಪ್ರವೇಶ ಮಾಡಿದಾಗ, ಅಪಘಾತದಲ್ಲಿ ತೀರಿಕೊಂಡಿದ್ದ ಹೆಂಡತಿಯ ಸಿಲಿಕೋನ್ ಪ್ರತಿಮೆಯನ್ನು ಬೆಂಗಳೂರಿನ ಕಲಾವಿದರಿಂದ ಮಾಡಿಸಿ, ರೇಷ್ಮೆ ಸೀರೆ ಉಡಿಸಿ, ಸೋಫಾದ ಮೇಲೆ ಕೂರಿಸಿದ್ದರು. ಪೇಪರಿನಲ್ಲಿ ಫೋಟೋ ನೋಡಿದವರು ಎರಡೆರಡು ಸಲ ನೋಡಿದರು. ಅಷ್ಟು ಜೀವಂತ. ಆದರೆ ಸುಮ್ಮನೆ ಕೂತಿತ್ತು. ಗೋಡೆ ಮೇಲಿನ ಕೋಟು ಹಾಕಿದ ಗೌಡರ ಹಾಗೇ, ನೋಡುವವರ ಮಾತು ಕೇಳಿಕೊಂಡು.

ಅಂಗಡಿಯವರಿಗೆ ಒಂದು ಮಾತು

ಲಂಡನ್ನಿನ ರೈಲಿನವರು ಒಬ್ಬಾಕೆಗೋಸ್ಕರ ದಾಸ್ತಾನು ಹುಡುಕಿದರು. ನಮ್ಮ ಮೊಬೈಲ್ ಅಂಗಡಿಯವರು ಅಷ್ಟೆಲ್ಲ ಮಾಡಬೇಕಿಲ್ಲ. ಫಾರ್ಮ್ಯಾಟ್ ಒತ್ತುವ ಮುಂಚೆ ಒಂದು ಮಾತು ಕೇಳಿದರೆ ಸಾಕು: ‘ಇದರಾಗೆ ಹೋದೋರ ದನಿ, ಫೋಟೋ ಏನಾದ್ರೂ ಐತೇನ್ರಿ?’ ಇದ್ದರೆ ಒಂದು ಮೆಮೊರಿ ಕಾರ್ಡಿಗೋ ಪೆನ್ ಡ್ರೈವಿಗೋ ಹಾಕಿಕೊಡಿ. ಅದಕ್ಕೆ ದುಡ್ಡು ತಗೊಳ್ಳಿ, ಬೇಡ ಅನ್ನುವವರು ಯಾರು?

ಮನೆಯವರೂ ಕೆಲವು ಸಂಗತಿ ತಿಳಿದಿರಲಿ. ವಾಟ್ಸಾಪ್ ಖಾತೆ 120 ದಿನ ಮುಟ್ಟದೆ ಬಿಟ್ಟರೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಗೂಗಲ್ ಖಾತೆ ಎರಡು ವರ್ಷ ಬಳಸದಿದ್ದರೆ ತೆಗೆದುಹಾಕಬಹುದು ಎಂಬ ನಿಯಮ 2023ರಲ್ಲಿ ಬಂತು, ಅದರಲ್ಲಿರುವ ಫೋಟೋಗಳೂ ಹೋಗುತ್ತವೆ. ಬದುಕಿರುವಾಗಲೇ ಗೂಗಲ್ಲಿನ ‘ಇನ್ಯಾಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬಲ್ಲಿ, ನಾನಿಲ್ಲದಾಗ ಇದೆಲ್ಲ ಇಂಥವರಿಗೆ ಸಿಗಲಿ ಎಂದು ಬರೆದಿಡಬಹುದು. ಆಸ್ತಿಗೆ ವಿಲ್ ಬರೆಯದ ಜನ ಇದಕ್ಕೆ ಬರೆಯುತ್ತಾರೆಯೇ ಎಂದು ನಗಬೇಡಿ, ಐದು ನಿಮಿಷದ ಕೆಲಸ. ವಾಟ್ಸಾಪಿನಲ್ಲಿ ಒಬ್ಬರ ಮಾತುಕತೆಯನ್ನೆಲ್ಲ ಹೊರಗೆ ತೆಗೆದಿಡಲು ‘ಎಕ್ಸ್‌ಪೋರ್ಟ್ ಚಾಟ್’ ಎಂದಿದೆ. ಒತ್ತುವಾಗ ಮೀಡಿಯಾ ಸಹಿತ ಎಂಬುದನ್ನು ಆರಿಸಿದರೆ ದನಿಯೂ ಬರುತ್ತದೆ. ಎಷ್ಟೋ ತಿಂಗಳಾದರೂ ಊಟ ಸೇರದೆ, ನಿದ್ದೆ ಹತ್ತದೆ ಒದ್ದಾಡುವವರಿಗೆ ಫೋಟೋ, ದನಿ ಸಾಲುವುದಿಲ್ಲ. 14416ಕ್ಕೆ ಹಚ್ಚಿದರೆ ಸರ್ಕಾರದ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನೊಂದು ಮುಖ್ಯ ಸಂಗತಿ. ವಾಟ್ಸಾಪಿನಲ್ಲಿ ಕಳಿಸಿದ ದನಿ ಒಂದೇ ಕಡೆ ಇರುವುದಿಲ್ಲ, ಕಳಿಸಿದವರ ಫೋನಿನಲ್ಲೂ ಪಡೆದವರ ಫೋನಿನಲ್ಲೂ ಇರುತ್ತದೆ. ಹಾಗಾಗಿ ಒಂದು ಫೋನು ಹೋಯಿತೆಂದು ಕೈಚೆಲ್ಲಬೇಡಿ. ನೆಂಟರನ್ನು, ಗೆಳೆಯರನ್ನು, ಜೊತೆ ಕೆಲಸ ಮಾಡಿದವರನ್ನು ಕೇಳಿ. ಮಂಡಕ್ಕಿ ಭಟ್ಟಿಯ ಆ ತಾಯಿಯ ಮಗನ ಫೋನು ಅಪಘಾತದಲ್ಲೇ ಪುಡಿಯಾಗಿತ್ತು. ಆದರೆ ಲಾರಿ ಗೆಳೆಯರ ಗುಂಪಿನಲ್ಲಿ ಬೈಗುಳ ಸಹಿತ ಏಳೆಂಟು ಸಿಕ್ಕಿದವು. ತಂಗಿಯ ಫೋನಿನಲ್ಲಿ ಒಂದು ಸಿಕ್ಕಿತು, ಹನ್ನೊಂದು ಸೆಕೆಂಡಿನದು: ‘ಬರುವಾಗ ಅವ್ವನ ಬಿಪಿ ಮಾತ್ರೆ ತಗೊಂಬಾ, ಆಕಿ ಹೇಳಂಗಿಲ್ಲ.’ ಹರಿಹರ ದಾಟಿದ್ದು ಸಿಗಲಿಲ್ಲ.

ಆ ಅಂಗಡಿಯ ಹುಡುಗನಿಗೂ ಸುದ್ದಿ ಮುಟ್ಟಿದೆ. ಗಲ್ಲದ ಮೇಲೆ ಒಂದು ರಟ್ಟಿನಲ್ಲಿ ಮಾರ್ಕರ್ ಪೆನ್ನಿನಿಂದ ಬರೆದಿಟ್ಟಿದ್ದಾನೆ, ‘ಬೇಕಾದ್ದು ಇದ್ರೆ ಮೊದಲೇ ಹೇಳಿ, ಅಳಿಸಿದ ಮೇಲೆ ಬರಲ್ಲ.’ ಬಂದವರು ಹೆಚ್ಚಾಗಿ ‘ಏನೂ ಇಲ್ಲಪ್ಪ, ಮಾಡು’ ಎನ್ನುತ್ತಾರಂತೆ. ಕಳೆದ ವಾರ ಇಬ್ಬರು ಮಾತ್ರ ರಟ್ಟು ಓದಿ, ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡು, ರಿಪೇರಿ ಮಾಡಿಸದೆ ವಾಪಸ್ ಹೋದರಂತೆ.